ಹಳೆಯ ಟಿವಿ ಸುದ್ದಿ ಕ್ಯಾಮೆರಾ: ಫಿಲ್ಮೋ 70 ಬೇಕೋ, ಸಿಪಿ-16 ಬೇಕೋ?

ಎರಡೂ 16 ಎಂಎಂ ಫಿಲಂ ಕ್ಯಾಮೆರಾಗಳೇ, ಆದರೆ ಕೆಲಸದ ರೀತಿ ಪೂರ್ತಿ ಬೇರೆ. ಬೆಂಕಿ, ಅಪಘಾತ, ಮೆರವಣಿಗೆ ಹಿಡಿಯಲು ಫಿಲ್ಮೋ. 1970ರ ದಶಕದ ಸಿಪಿ-16 ಮಾತು ಹಿಡಿಯಲು.

ಫಿಲ್ಮೋಗೆ ಬ್ಯಾಟರಿಯೇ ಬೇಡ, ಕೀಲಿ ತಿರುಗಿಸಿದರೆ ಸಾಕು. ಒಂದು ಕೀಲಿಗೆ ಸುಮಾರು 22 ಅಡಿ ಫಿಲಂ, ಅಂದರೆ 35 ಸೆಕೆಂಡು ಓಡುತ್ತದೆ. 100 ಅಡಿ ಸುರುಳಿ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ವೇಗದಲ್ಲಿ ಮುಗಿಯಲು ಎರಡೂಮುಕ್ಕಾಲು ನಿಮಿಷ. ಪ್ರತಿ ಶಾಟ್ ಆದ ತಕ್ಷಣ ಕೀಲಿ ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮರೆತರೆ ಮುಖ್ಯ ಕ್ಷಣದಲ್ಲೇ ನಿಂತುಬಿಡುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಲೆನ್ಸಿನ ಪಕ್ಕದಲ್ಲಿರುವುದರಿಂದ ಹತ್ತಿರದ ಮುಖಗಳ ಚೌಕಟ್ಟು ಜಾರುತ್ತದೆ. ಫೋಕಸ್ ಅಡಿ ಲೆಕ್ಕದಲ್ಲಿ ಅಂದಾಜಿಸಿ ಇಡಬೇಕು.

ಸಿಪಿ-16ರಲ್ಲಿ 400 ಅಡಿ ಮ್ಯಾಗಜಿನ್ (ಫಿಲಂ ಪೆಟ್ಟಿಗೆ), 11 ನಿಮಿಷ. ಹೆಗಲ ಮೇಲೆ ಚೆನ್ನಾಗಿ ಕೂರುತ್ತದೆ. ಫಿಲಂ ಅಂಚಿನ ಅಯಸ್ಕಾಂತದ ಪಟ್ಟಿಯ ಮೇಲೆಯೇ ಧ್ವನಿ ದಾಖಲಾಗುತ್ತದೆ, ಹಾಗಾಗಿ ಒಂದೇ ಬದಿ ತೂತಿರುವ ಫಿಲಂ ಕಡ್ಡಾಯ. ತೊಡಕಿರುವುದು ಇಲ್ಲೇ: ಫಿಲಂ ಮೇಲೆ ಧ್ವನಿ ತನ್ನ ಚಿತ್ರಕ್ಕಿಂತ 28 ಫ್ರೇಮ್ ಮುಂದಿರುತ್ತದೆ. ಮಾತಿನ ಮಧ್ಯೆ ಕತ್ತರಿಸಿದರೆ ಒಂದು ಸೆಕೆಂಡಿಗೂ ಹೆಚ್ಚು ಕಾಲ ತುಟಿ ಅಲ್ಲಾಡುತ್ತದೆ, ಮಾತು ಕೇಳಿಸದು. ಅದನ್ನು ಮುಚ್ಚಲು ಕೇಳುಗರ ಮುಖ, ಕೈ, ಫಲಕ ಇಂಥ ಶಾಟ್‌ಗಳನ್ನು ಸ್ಥಳದಲ್ಲೇ ತೆಗೆದಿಡಲೇಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಬಸವಳಿಯುತ್ತದೆ.

ಫಿಲಂ ಕಲಿಯಲು ಕೊಳ್ಳುವವರಿಗೆ ನಮ್ಮ ಸಲಹೆ ಫಿಲ್ಮೋ. ಕೊಳ್ಳುವ ಮುನ್ನ ಪೂರ್ತಿ ಕೀಲಿ ಕೊಟ್ಟು, ಕೊನೆಯವರೆಗೂ ಒಂದೇ ವೇಗದ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಸಂದರ್ಶನವೇ ಗುರಿಯಾದರೆ ಮಾತ್ರ ಸಿಪಿ-16.