ಮೇಳಕ್ಕೆ ಬಂದ ಕರು ಬದಲಾದ ಕಥೆ, ಮಕ್ಕಳಿಗೆ ಕೊಡಿಸಬಹುದಾ?

ಅಮೆರಿಕದ ಕೌಂಟಿ ಫೇರ್ ಅಂದ್ರೆ ಅಲ್ಲಿನ ಹಳ್ಳಿ ಕಡೆಯ ಕೃಷಿ ಮೇಳ, ಅದರಲ್ಲಿ ಸ್ಪರ್ಧೆಗೆ ಬಂದ ಒಂದು ಕರುವಿನ ಸುತ್ತ ನಡೆಯುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಇದು, 8ರಿಂದ 11 ವರ್ಷದ ಮಕ್ಕಳಿಗೆ ಸರಿ ಹೋಗ್ತದೆ. ಒಬ್ಳು ಹುಡುಗಿ ತಾನೇ ಸಾಕಿದ ಹೋಲ್‌ಸ್ಟೀನ್ (ಕಪ್ಪು-ಬಿಳಿ ಬಣ್ಣದ ಹಾಲಿನ ತಳಿ) ಹೆಣ್ಣು ಕರುವನ್ನು ಮೇಳಕ್ಕೆ ತರ್ತಾಳೆ, ರಾತ್ರಿ ಅಲ್ಲೇ ಕಟ್ಟಿ ಹಾಕ್ತಾರೆ, ಬೆಳಿಗ್ಗೆ ಬಂದು ನೋಡಿದ್ರೆ ಕರು ಕಟ್ಟಿದಲ್ಲೇ ಉಂಟು, ಕಿವಿಯ ಟ್ಯಾಗ್ ಕೂಡ ಸರಿ ಉಂಟು, ಆದ್ರೆ ಇವಳು ಮಾತ್ರ ಇದು ನನ್ನ ಕರು ಅಲ್ಲ ಅಂತಾಳೆ. ದೊಡ್ಡವರು ಯಾರೂ ನಂಬೋದಿಲ್ಲ. ಮಾಡಿದ್ದು ಯಾರು ಅಂತ ಹೇಳಿದ್ರೆ ಓದುವವರ ಮಜಾ ಹಾಳಾಗ್ತದೆ, ಬಿಡಿ.

ನಂಗೆ ತುಂಬ ಹಿಡಿಸಿದ್ದು ಏನಂದ್ರೆ ಸುಳಿವೆಲ್ಲ ದನ ಸಾಕುವ ಕೆಲಸದ ಒಳಗಿಂದಲೇ ಬರ್ತದೆ. ಕರುವಿಗೆ ಬಾಲ್ದಿಯಲ್ಲಿ ಹಾಲು ಕುಡಿಯೋದು ಕಲಿಸುವಾಗ ಮೊದಲು ಬೆರಳನ್ನು ಹಾಲಿಗೆ ಅದ್ದಿ ಬಾಯಿಗೆ ಇಡ್ತೇವಲ್ಲ, ಅದು ಚೀಪ್ತಾ ಚೀಪ್ತಾ ಮೂತಿಯನ್ನು ಬಾಲ್ದಿಗೆ ಇಳಿಸ್ತದೆ. ಇವಳ ಕರು ದೊಡ್ಡದಾದ ಮೇಲೂ ಮೊದಲು ಬೆರಳು ಹುಡುಕಿಯೇ ಬಾಯಿ ಹಾಕುದು. ಅವತ್ತು ಬೆಳಿಗ್ಗೆ ಕಟ್ಟಿದ ಕರು ಸೀದಾ ಬಾಲ್ದಿಗೆ ಮುಖ ಇಟ್ಟಿತು! ಆ ಅರ್ಧ ಪುಟಕ್ಕೇ ದುಡ್ಡು ವಸೂಲ್. ಕಾರ್ಕಳ ಹತ್ರದ ಅಜ್ಜಿ ಮನೆಯ ದನದ ಹಟ್ಟಿಯಲ್ಲಿ ಆಡಿ ಬೆಳೆದ ನನ್ನ ಮಗಳು ಕಥೆಯ ಪೊಲೀಸಿಗಿಂತ ಮೊದಲೇ ಓ ಅಂತ ಕೂಗಿದ್ಲು.

ಆಮೇಲೆ ಮೂಗಚ್ಚು. ದನದ ಮೂಗಿನ ಮೇಲಿನ ಗೆರೆಗಳು ನಮ್ಮ ಬೆರಳಚ್ಚಿನ ಹಾಗೆ ಒಂದಕ್ಕಿದ್ದಂತೆ ಇನ್ನೊಂದಕ್ಕೆ ಇರೋದಿಲ್ಲ, ಅಲ್ಲಿ ಎಷ್ಟೋ ಮೇಳಗಳಲ್ಲಿ ಹೆಸರು ಬರೆಸುವಾಗಲೇ ಅಚ್ಚು ತೆಗೆದಿಡ್ತಾರೆ. ಮೂಗು ಯಾವಾಗ್ಲೂ ಒದ್ದೆ, ಹಾಗಾಗಿ ಮೊದಲು ಬಟ್ಟೆಯಲ್ಲಿ ಒರೆಸಿ, ಶಾಯಿ ಹಚ್ಚಿ, ಕಾರ್ಡ್ ಒತ್ತಬೇಕು. ಇದೆಲ್ಲ ಪುಸ್ತಕದಲ್ಲಿ ಚಂದ ಬಂದಿದೆ. ನಮ್ಮಲ್ಲಿ ದನದ ಕಿವಿಗೆ 12 ಅಂಕಿಯ ಹಳದಿ ಟ್ಯಾಗ್ ಹಾಕ್ತಾರಲ್ಲ, ಅದನ್ನೂ ಕತ್ತರಿಸಿ ಬದಲಾಯಿಸಬಹುದಾ ಅಂತ ಮಗಳು ಈಗ ಅಜ್ಜನ ತಲೆ ತಿಂತಿದ್ದಾಳೆ.

ಬೇಜಾರಾದದ್ದೂ ಉಂಟು. ಕೊನೆಯ ಎರಡು ಅಧ್ಯಾಯ ಭಾರೀ ಗಡಿಬಿಡಿ, ತಪ್ಪಿತಸ್ಥ ನಿಂತಲ್ಲೇ ಎಲ್ಲ ಒಪ್ಪಿಕೊಳ್ತಾನೆ, ಅಷ್ಟು ಚೆನ್ನಾಗಿ ಜೋಡಿಸಿದ ಸುಳಿವಿಗೆ ಅದು ಅನ್ಯಾಯ. 4-ಎಚ್ ಕ್ಲಬ್ ಅಂತ ಪುಟಪುಟಕ್ಕೂ ಬರ್ತದೆ, ಏನು ಎತ್ತ ಅಂತ ಒಂದು ಸಾಲಿಲ್ಲ. (1902ರಲ್ಲಿ ಒಹಾಯೊದಲ್ಲಿ ಹಳ್ಳಿ ಮಕ್ಕಳಿಗೆ ಅಂತ ಶುರುವಾದ ಕ್ಲಬ್‌ನಿಂದ ಬೆಳೆದದ್ದು ಅದು, ತಲೆ, ಹೃದಯ, ಕೈ, ಆರೋಗ್ಯ ಈ ನಾಲ್ಕರ ಇಂಗ್ಲಿಷ್ ಪದಗಳೂ ಎಚ್‌ನಿಂದ ಶುರುವಾಗ್ತವೆ.) ನೀಲಿ ರಿಬ್ಬನ್ ಅಂದ್ರೆ ಅಲ್ಲಿ ಫಸ್ಟ್ ಪ್ರೈಜ್, ಅದನ್ನೂ ನೀವೇ ಹೇಳಿಕೊಡಬೇಕು.

ಮಾಂಸಕ್ಕೆಂದೇ ಸಾಕಿದ ಹೋರಿಗಳನ್ನು ಮೇಳ ಮುಗಿಯುವಾಗ ಹರಾಜು ಹಾಕುವ ವಿಷಯ ಒಂದು ಕಡೆ ಬರ್ತದೆ, ಸಾಕಿದ ಹುಡುಗ ಅಳ್ತಾನೆ. ಮಗಳು ಪುಸ್ತಕ ಮಡಚಿಟ್ಟು ತುಂಬ ಪ್ರಶ್ನೆ ಕೇಳಿದ್ಲು. ಮುಚ್ಚಿಡದೆ ಬರೆದದ್ದು ಸರಿಯೇ, ಆದ್ರೆ ಆ ಭಾಗಕ್ಕೆ ಮಕ್ಕಳ ಜೊತೆ ಕೂತ್ಕೊಳ್ಳಿ.

ಮಂಗಳೂರಲ್ಲಿ ಕೇಳಿದ ಅಂಗಡಿಯಲ್ಲಿ ಇರ್ಲಿಲ್ಲ, ತರಿಸಿ ಕೊಡ್ತೇವೆ ಅಂದವರು ಮತ್ತೆ ಸುದ್ದಿಯೇ ಇಲ್ಲ, ಕೊನೆಗೆ ಆನ್‌ಲೈನಲ್ಲಿ ತರಿಸಿದ್ದು. ಕಾಗದ ಪರವಾಗಿಲ್ಲ, ಚಿತ್ರ ಕಮ್ಮಿ.

ಇಂಥದ್ದು ನಮ್ಮ ಕಂಬಳದ ಮೇಲೆ ಯಾರಾದ್ರೂ ಕನ್ನಡದಲ್ಲಿ ಬರೀಬೇಕು ಮಾರಾಯ್ರೆ. ಹಗ್ಗ ಕಿರಿಯಕ್ಕೆ, ಅಂದ್ರೆ ಸಣ್ಣ ಪ್ರಾಯದ ಕೋಣಗಳ ವಿಭಾಗಕ್ಕೆ, ಇಳಿಸಿದ ಕೋಣದ ಹಲ್ಲು ನೋಡಿ ಯಾರೋ ಒಬ್ಬ ಹುಡುಗನಿಗೆ ಇದರ ಪ್ರಾಯದ ಮೇಲೆ ಸಂಶಯ ಬರ್ತದೆ ಅಂತ ಶುರು ಮಾಡಿದ್ರೂ ಸಾಕು, ನಮ್ಮ ಮನೆಗೆ ಮೊದಲ ಪ್ರತಿ ತೆಗೆದಿಡಿ.