ಹೆಸರು ಮುಂದೋ, ತಲೆ ಮುಂದೋ: ಹಳೆಯ ಸಿನಿಮಾ ಪತ್ರಿಕೆಗಳ ಮುಖಪುಟಗಳನ್ನು ನೋಡುತ್ತ

ಹಳೆಯ ಸಿನಿಮಾ ಪತ್ರಿಕೆಗಳನ್ನು ಮನೆಯಲ್ಲೇ ಕೂತು ತಿರುವಿಹಾಕಬೇಕೆನ್ನುವವರಿಗೆ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಷ್ಟು ಒದಗುವ ಭಂಡಾರ ಇನ್ನೊಂದನ್ನು ನಾನು ಕಂಡಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಸರೆಯಲ್ಲಿರುವ ಈ ಅಂತರಜಾಲ ಸಂಗ್ರಹದಲ್ಲಿ, 1911ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಫೋಟೋಪ್ಲೇ ಮೊದಲುಗೊಂಡು, 1935ರಲ್ಲಿ ಬಾಬೂರಾವ್ ಪಟೇಲರು ಮುಂಬಯಿಯಲ್ಲಿ ಆರಂಭಿಸಿದ ಫಿಲ್ಮ್‌ಇಂಡಿಯಾದ ಹಲವು ವರ್ಷಗಳ ಸಂಪುಟಗಳವರೆಗೆ, ಪತ್ರಿಕೆಗಳು ಪುಟಪುಟವಾಗಿ ಸ್ಕ್ಯಾನ್ ಆಗಿ ಸಿಗುತ್ತವೆ. ಚಂದಾ ಇಲ್ಲ, ನೋಂದಣಿಯ ತಾಪತ್ರಯವಿಲ್ಲ, ಬೇಕಾದ ಸಂಪುಟವನ್ನು ಇಳಿಸಿಕೊಳ್ಳಬಹುದು. ಸಿನಿಮಾ ಇತಿಹಾಸಕಾರರು ಇಲ್ಲಿಗೆ ಬರುವುದು ಒಳಪುಟಗಳಿಗಾಗಿ. ನಾನು ಕಳೆದ ಕೆಲವು ತಿಂಗಳು ಇದನ್ನು ಬಳಸಿದ್ದು ಮುಖಪುಟಗಳನ್ನು ನೋಡುವುದಕ್ಕೆ, ಮತ್ತು ಅದರಲ್ಲೂ ಒಂದೇ ಒಂದು ಸಂಗತಿಯನ್ನು ಗಮನಿಸುವುದಕ್ಕೆ: ಪತ್ರಿಕೆಯ ಹೆಸರು ಮತ್ತು ತಾರೆಯ ತಲೆ, ಈ ಎರಡರಲ್ಲಿ ಯಾವುದು ಯಾವುದಕ್ಕೆ ಜಾಗ ಬಿಟ್ಟುಕೊಡುತ್ತದೆ?

ಈ ಪ್ರಶ್ನೆ ನನಗೆ ಹೊಳೆದದ್ದು ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯ ನೆನಪಿನಿಂದ. ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಪತ್ರಿಕೆಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಹಿಂದಿನ ಪತ್ರಿಕೆಯಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಮೇಲಿನ ನಾಲ್ಕು ಬೆರಳಗಲ ಮಾತ್ರ. ಆ ನಾಲ್ಕು ಬೆರಳಗಲದಲ್ಲೇ ಪತ್ರಿಕೆಯ ಹೆಸರೂ ಇರಬೇಕು, ನಾಯಕಿಯ ಕಣ್ಣೂ ಕಾಣಬೇಕು, ಆದರೆ ಎರಡಕ್ಕೂ ಅಲ್ಲಿ ಜಾಗ ಸಾಲದು. ಸಿನಿಮಾ ಪತ್ರಿಕೆಯ ಮುಖಪುಟ ವಿನ್ಯಾಸವೆಂದರೆ ಬಹುಮಟ್ಟಿಗೆ ಈ ಜಗಳದ ತೀರ್ಮಾನವೇ. ಬಣ್ಣ, ಉಡುಪು, ಭಂಗಿಗಳೆಲ್ಲ ಆಮೇಲಿನ ಮಾತು.

ಫೋಟೋಪ್ಲೇಯ 1920ರ ದಶಕದ ಮುಖಪುಟಗಳನ್ನು ರೋಲ್ಫ್ ಆರ್ಮ್‌ಸ್ಟ್ರಾಂಗ್, ಅರ್ಲ್ ಕ್ರಿಸ್ಟಿ ಮೊದಲಾದವರು ಬರೆದಿದ್ದಾರೆ. ಅವು ಕಣ್ಣಿಗೆ ತಂಪು. ಆದರೆ ಹತ್ತು ನೋಡಿದ ಮೇಲೆ ಹನ್ನೊಂದನೆಯದು ಬೇಡವೆನಿಸುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಫಿಲ್ಮ್‌ಇಂಡಿಯಾದ ಮುಂದೆ. ಅದಕ್ಕೆ ಒಂದು ಕಾರಣ ನಮ್ಮವರೇ ಆದ ಎಸ್.ಎಂ. ಪಂಡಿತರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರುಗಳನ್ನೂ ಮುಂದೆ ಮನೆಮನೆಯ ಗೋಡೆಗೇರಿದ ಪೌರಾಣಿಕ ಕ್ಯಾಲೆಂಡರುಗಳನ್ನೂ ಬರೆದ ಅವರು ಫಿಲ್ಮ್‌ಇಂಡಿಯಾಕ್ಕೂ ಮುಖಪುಟಗಳನ್ನು ಬರೆದರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿರುವುದು ಎಲ್ಲರಿಗೂ ಗೊತ್ತು. ಆ ರಂಗಮಂದಿರದಲ್ಲಿ ನಾಟಕ ನೋಡಿದವರಲ್ಲಿ ಎಷ್ಟು ಮಂದಿ ಈ ಮುಖಪುಟಗಳನ್ನು ನೋಡಿರಬಹುದೆಂಬುದು ಬೇರೆ ಮಾತು.

ಆ ಕಾಲದ ಚಿತ್ರಿಸಿದ ಮುಖಪುಟವೊಂದನ್ನು ಪರದೆಯ ತುಂಬ ಹಿಗ್ಗಿಸಿ ನೋಡಿ. ಮುಖ ಮುಕ್ಕಾಲು ಭಾಗ ನಮ್ಮ ಕಡೆಗೆ ಹೊರಳಿರುತ್ತದೆ. ಒಂದು ಕೆನ್ನೆಯ ಮೇಲೆ ಕಿತ್ತಳೆಯ ಬಿಸಿಬೆಳಕು, ಇನ್ನೊಂದು ಕೆನ್ನೆಯ ಅಂಚಿನಲ್ಲಿ ನೀಲಿಯದೋ ಹಸಿರಿನದೋ ತಣ್ಣನೆಯ ಗೆರೆ, ನಡುವೆ ಮೂಗಿನ ನೆರಳು. ಇನ್ನೂ ಹಿಗ್ಗಿಸಿದರೆ ಬಣ್ಣವೆಲ್ಲ ಕರಗಿ ಮುದ್ರಣದ ಚುಕ್ಕೆಗಳಾಗುತ್ತವೆ. ಒಂದು ಸಂಚಿಕೆಯಲ್ಲಿ ಕೆಂಪಿನ ಅಚ್ಚು ಕೂದಲೆಳೆಯಷ್ಟು ಬಲಕ್ಕೆ ಜರುಗಿ, ತುಟಿಯ ಬಣ್ಣ ತುಟಿಯ ಗೆರೆಯನ್ನು ದಾಟಿ ನಿಂತಿತ್ತು. ಅಚ್ಚುಮನೆಯವರ ಲೆಕ್ಕದಲ್ಲಿ ಅದು ತಪ್ಪೇ ಸರಿ. ನನ್ನ ಕಣ್ಣಿಗೆ ಮಾತ್ರ ಆ ನಾಯಕಿ ಅದೇ ತಾನೆ ವೀಳ್ಯ ಮೆದ್ದು ಕೂತಂತೆ ಕಂಡಳು.

ಹೆಸರು ಮತ್ತು ತಲೆಯ ಜಗಳ ಇಲ್ಲಿ ಹೇಗೆ ಬಗೆಹರಿಯಿತು? ಜಗಳವೇ ಹುಟ್ಟಲಿಲ್ಲ ಎನ್ನಬೇಕು. ಚಿತ್ರಕಾರನಿಗೆ ಹೆಸರಿನ ಜಾಗ ಮೊದಲೇ ಗೊತ್ತಿರುತ್ತದೆ. ಅವನು ತುರುಬನ್ನು ಒಂದಂಗುಲ ತಗ್ಗಿಸಬಲ್ಲ, ಸೆರಗನ್ನು ಆಚೆಗೆ ಹಾರಿಸಬಲ್ಲ, ಹಿನ್ನೆಲೆಯ ಆಕಾಶವನ್ನು ಬೇಕಾದಷ್ಟು ಎತ್ತರಿಸಬಲ್ಲ. ಮುಖಪುಟದ ಯಾವ ಮೂಲೆಯೂ ಅವನ ಕೈಮೀರಿದ್ದಲ್ಲ. ಈ ಸೌಲಭ್ಯಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಚಿತ್ರಕಾರನ ಕೈಯಲ್ಲಿ ಎಲ್ಲ ನಾಯಕಿಯರೂ ಒಬ್ಬಳೇ ತಾಯಿಯ ಮಕ್ಕಳಂತೆ ಕಾಣತೊಡಗುತ್ತಾರೆ. ಕಣ್ಣು ಅಷ್ಟೇ ಅಗಲ, ಹುಬ್ಬು ಅಷ್ಟೇ ಕಮಾನು. ಕೆಳಗೆ ಹೆಸರು ಅಚ್ಚಾಗಿರದಿದ್ದರೆ ಯಾರಿವರೆಂದು ಹೇಳುವುದು ಕಷ್ಟ. ಒಳಪುಟಗಳಲ್ಲಿ ಪಟೇಲರು ಚಿತ್ರಗಳ ಚರ್ಮ ಸುಲಿಯುತ್ತಿದ್ದರೆ, ಹೊರಗಿನ ಪುಟ ಮಾತ್ರ ಯಾರನ್ನೂ ನೋಯಿಸದೆ ಎಲ್ಲರನ್ನೂ ಅಪ್ಸರೆಯರನ್ನಾಗಿಸುತ್ತಿತ್ತು. ಒಂದೇ ಪತ್ರಿಕೆಯ ಈ ಎರಡು ಸ್ವಭಾವಗಳು ಅಕ್ಕಪಕ್ಕದಲ್ಲಿರುವುದೇ ಫಿಲ್ಮ್‌ಇಂಡಿಯಾವನ್ನು ಇಂದಿಗೂ ತಿರುವಿಹಾಕುವಂತೆ ಮಾಡುತ್ತದೆ.

ಛಾಯಾಚಿತ್ರ ಬಂದ ಮೇಲೆ ಮುಖದ ಗುರುತು ಉಳಿಯಿತು, ಜಾಗದ ಮೇಲಿನ ಹಿಡಿತ ಹೋಯಿತು. ಟೈಮ್ಸ್ ಆಫ್ ಇಂಡಿಯಾ ಬಳಗದ ಫಿಲ್ಮ್‌ಫೇರ್ 1952ರ ಮಾರ್ಚ್ 7ರಂದು ಕಾಮಿನಿ ಕೌಶಲ್ ಅವರನ್ನು ಮುಖಪುಟದಲ್ಲಿಟ್ಟು ಹೊರಬಂತು. ಅಂಥ ಪತ್ರಿಕೆಗಳಲ್ಲಿ ಹಲಕಾಲ ಹೆಸರಿನದು ಹೆಸರಿಗೆ, ಮುಖದ್ದು ಮುಖಕ್ಕೆ ಎಂಬ ಮರ್ಯಾದೆಯ ಪಾಲುಪಟ್ಟಿಯೇ ನಡೆಯಿತು. 1971ರ ಅಕ್ಟೋಬರಿನಲ್ಲಿ ಹೊರಬಿದ್ದ ಸ್ಟಾರ್‌ಡಸ್ಟ್ ಈ ಪಾಲುಪಟ್ಟಿಗೆ ಮೂರನೆಯ ದಾಯಾದಿಯನ್ನು ತಂದು ಕೂರಿಸಿತು. ಆ ಮೊದಲ ಮುಖಪುಟದಲ್ಲಿ ರಾಜೇಶ್ ಖನ್ನಾ ಇದ್ದರು, ಜೊತೆಗೆ ಅವರು ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂಬ ಪ್ರಶ್ನೆಯೂ ಇತ್ತು. ಪತ್ರಿಕೆಯ ಒಡೆಯ ನಾರಿ ಹೀರಾ ಜಾಹೀರಾತು ಕ್ಷೇತ್ರದಿಂದ ಬಂದವರು. ಆರಂಭದ ವರ್ಷಗಳಲ್ಲಿ ಸಂಪಾದಕಿಯಾಗಿದ್ದ ಶೋಭಾ ಡೇ ಕೂಡ ಅದೇ ಗರಡಿಯವರು. ಪ್ರಶ್ನಾರ್ಥಕ ಚಿಹ್ನೆಗೆ ಎಷ್ಟು ಬೆಲೆಯಿದೆಯೆಂದು ಅವರಿಗೆ ಗೊತ್ತಿತ್ತು. ಅಲ್ಲಿಂದಾಚೆಗೆ ಮುಖಪುಟದ ಮುಖವೆಂದರೆ ಪಕ್ಕದ ಸಾಲಿಗೆ ಸಾಕ್ಷಿ ಹೇಳುವ ಫೋಟೋ ಎಂಬಂತಾಯಿತು. ನಾವು ಮೊದಲು ಸಾಲನ್ನು ಓದುತ್ತೇವೆ, ಆಮೇಲೆ ಮುಖದಲ್ಲಿ ಉತ್ತರ ಹುಡುಕುತ್ತೇವೆ. ವಿನ್ಯಾಸದ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಅಂದಚಂದದ ದೃಷ್ಟಿಯಿಂದ ನಷ್ಟವೆಂದೇ ನನ್ನ ಅಭಿಪ್ರಾಯ.

1989ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಎಂಪೈರ್ ಮಾಸಪತ್ರಿಕೆಯಲ್ಲಿ ತಲೆ ಹೆಸರಿನ ಮೇಲೇರಿಬಿಡುವುದು ಸಾಮಾನ್ಯ ನೋಟ. ನಟನ ತಲೆಗೂದಲು ನಡುವಿನ ಅಕ್ಷರಗಳನ್ನು ಮರೆಮಾಡಿದರೂ, ಎರಡು ತುದಿಯ ಅಕ್ಷರಗಳಿಂದಲೇ ಓದುಗ ಪತ್ರಿಕೆಯನ್ನು ಗುರುತಿಸುತ್ತಾನೆ. ನನ್ನನ್ನು ಮುಚ್ಚಿದರೂ ನೀವು ನನ್ನನ್ನು ಬಲ್ಲಿರಿ ಎಂಬ ಹಮ್ಮು ಆ ಮುಚ್ಚುವಿಕೆಯಲ್ಲೇ ಇದೆ. ಚಂದಾದಾರರಿಗೆಂದು ಈ ಪತ್ರಿಕೆ ಕಳಿಸುವ ಬೇರೆಯದೇ ಮುಖಪುಟಗಳು ಇನ್ನೂ ಸ್ವಾರಸ್ಯಕರ. ಅವುಗಳಲ್ಲಿ ಸುದ್ದಿಯ ಸಾಲುಗಳ ಗದ್ದಲವಿಲ್ಲ, ಹೆಸರು ಮತ್ತು ಚಿತ್ರ ಎರಡೇ. ದುಡ್ಡು ಮೊದಲೇ ಕೈಸೇರಿದೆ, ಅಂಗಡಿಯಲ್ಲಿ ನಿಂತು ಕೂಗುವ ಅಗತ್ಯವಿಲ್ಲ. ಸ್ಟಾರ್‌ಡಸ್ಟ್ ತಂದು ಕೂರಿಸಿದ ದಾಯಾದಿ ಎದ್ದು ಹೋದೊಡನೆ ಪುಟ ಮತ್ತೆ ಫಿಲ್ಮ್‌ಇಂಡಿಯಾದ ಕಾಲಕ್ಕೆ ಮರಳಿದಂತಿರುತ್ತದೆ.

ಕನ್ನಡದ ವಿನ್ಯಾಸಕಾರನಿಗೆ ಆ ಹಮ್ಮು ಅಷ್ಟು ಸುಲಭವಾಗಿ ದಕ್ಕುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಣಿಪಾಲದ ರೂಪತಾರಾ ಎಂಬ ಹೆಸರನ್ನೇ ಒಂದು ಹಾಳೆಯ ಮೇಲೆ ದಪ್ಪಗೆ ಬರೆದು, ಅದರ ಮೇಲರ್ಧವನ್ನು ಅಂಗೈಯಿಂದ ಮುಚ್ಚಿ. ‘ಪ’ ಕಾರ ‘ವ’ ಕಾರವೂ ಆಗಬಹುದು, ‘ತಾ’ ಎಂಬುದು ‘ತ’ ಎಂದೂ ಕಾಣಬಹುದು. ನಮ್ಮ ಲಿಪಿಯಲ್ಲಿ ತಲೆಕಟ್ಟು, ಗುಡಿಸು, ದೀರ್ಘದ ಇಳಿಗಳೆಲ್ಲ ಅಕ್ಷರದ ನೆತ್ತಿಯಲ್ಲಿ ಇಲ್ಲವೇ ಬಲಭುಜದಲ್ಲಿ ಕೂರುತ್ತವೆ. ಕೆಳಗೆ ಒತ್ತಕ್ಷರವಿದ್ದರೆ ಆ ಕಡೆಯೂ ಜಾಗ ಬಿಡಬೇಕು. ನಾಯಕನ ಕ್ರಾಪು ಕೆಳಗಿನಿಂದ ಮೇಲೇರಿದರೆ ಮೊದಲು ಒತ್ತನ್ನು ನುಂಗುತ್ತದೆ, ಇನ್ನೂ ಮೇಲೇರಿದರೆ ಓದೇ ಕೆಡುತ್ತದೆ. ಇಂಗ್ಲಿಷ್ ಪತ್ರಿಕೆಯ ವಿನ್ಯಾಸವನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ಇಡಹೋದವರು ಎಡವುವುದು ಇಲ್ಲೇ. ಇದಕ್ಕೆ ಅಕ್ಷರದ ಹೊರಗೆರೆಯನ್ನು ದಪ್ಪಮಾಡುವುದು, ತಲೆಯನ್ನು ಮೊದಲ ಅಕ್ಷರದ ಎಡಕ್ಕೆ ಸರಿಸುವುದು ಮೊದಲಾದ ಉಪಾಯಗಳಿವೆ. ಆದರೆ ಹೆಸರನ್ನು ಪೂರ್ತಿ ಕಾಣಿಸಿ ತಲೆಯನ್ನು ಎರಡು ಬೆರಳು ತಗ್ಗಿಸುವುದರಷ್ಟು ಕ್ಷೇಮ ಯಾವುದೂ ಅಲ್ಲ.

ಮತ್ತೆ ಭಂಡಾರದ ವಿಷಯಕ್ಕೆ. ಇದರ ಹುಡುಕು ಸಾಧನಕ್ಕೆ ಲ್ಯಾಂಟರ್ನ್ ಎಂದು ಹೆಸರು. ಒಳಪುಟದ ಅಚ್ಚಿನ ಅಕ್ಷರಗಳನ್ನು ಅದು ಚೆನ್ನಾಗಿ ಹುಡುಕಿಕೊಡುತ್ತದೆ, ಆದರೆ ಕುಂಚದಲ್ಲಿ ಬರೆದ ಹೆಸರನ್ನೂ ಚಿತ್ರದ ಮೂಲೆಯ ಸಹಿಯನ್ನೂ ಯಂತ್ರ ಓದಲಾರದು. ಹೀಗಾಗಿ ಪಂಡಿತರ ಮುಖಪುಟ ಬೇಕೆಂದರೆ ಸಂಪುಟವನ್ನು ತೆರೆದು ತಾಳ್ಮೆಯಿಂದ ಮಗುಚುವುದೊಂದೇ ದಾರಿ. ಪತ್ರಿಕೆಗಳನ್ನು ವರ್ಷಕ್ಕೊಂದರಂತೆ ಬೈಂಡು ಮಾಡಿಸುವಾಗ ಮುಖಪುಟ ಕಿತ್ತುಹಾಕುವ ಅಭ್ಯಾಸ ಎಲ್ಲ ಕಡೆಯೂ ಇದ್ದುದರಿಂದ, ಹಳೆಯ ಯಾವ ಸಂಪುಟದಲ್ಲೂ ಹನ್ನೆರಡೂ ಮುಖಪುಟಗಳು ಇದ್ದೇ ಇರುತ್ತವೆಂಬ ಭರವಸೆ ಬೇಡ. ನಮ್ಮೂರ ಕ್ಷೌರದಂಗಡಿಯಲ್ಲಿ ಒಳಪುಟಗಳು ಬೆಂಚಿನ ಮೇಲೂ ಮುಖಪುಟಗಳು ಗೋಡೆಯ ಮೇಲೂ ಇರುತ್ತಿದ್ದವು. ಅಲ್ಲಿನ ಬೈಂಡಿಂಗು ಅದು. ಮೊಬೈಲಿನಲ್ಲಿ ನೋಡುವುದು ದಂಡ, ದೊಡ್ಡ ಪರದೆಯೇ ಬೇಕು.

ಒಂದು ಪ್ರಯೋಗವನ್ನು ಮಾತ್ರ ಸಣ್ಣ ಪರದೆಯಲ್ಲೇ ಮಾಡಿ. ಸಂಪುಟದ ಪುಟಗಳೆಲ್ಲ ಹೆಬ್ಬೆರಳ ಉಗುರಿನಷ್ಟಾಗಿ ಸಾಲುಸಾಲಾಗಿ ಕಾಣುವ ನೋಟದಲ್ಲಿ ಮುಖಪುಟಗಳನ್ನು ಹುಡುಕಿ. ಅಷ್ಟು ಕುಗ್ಗಿದಾಗ ಹೆಸರೂ ಓದಿಸದು, ಸಾಲುಗಳೂ ಓದಿಸವು. ಛಾಯಾಚಿತ್ರದ ಪುಟಗಳು ಬೂದುಬೂದಾಗಿ ಒಂದರಲ್ಲೊಂದು ಬೆರೆತುಹೋಗುತ್ತವೆ. ಕುಂಚದ ಮುಖ ಮಾತ್ರ, ಒಂದು ಕೆನ್ನೆ ಕಿತ್ತಳೆ, ಒಂದು ಕೆನ್ನೆ ನೀಲಿಯಾಗಿ, ಆ ಬೂದಿಯ ನಡುವೆ ಇಲ್ಲೊಂದು ಅಲ್ಲೊಂದು ಉರಿಯುತ್ತಿರುತ್ತದೆ. ನಾನು ಪುಟ ಮಗುಚುವುದನ್ನು ಬಿಟ್ಟು ಹುಡುಕತೊಡಗಿದ್ದು ಈ ಗುರುತನ್ನು ಹಿಡಿದೇ.