ಹಳೆ 26 ಇಂಚು ಸೈಕಲ್‌ಗೆ ರಿಜಿಡ್ ಫೋರ್ಕ್: ಒಮ್ಮೆ ಎಡವಿ, ಎರಡನೇ ಸಲ ಅಳೆದು ಕೊಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಕೊಂಡ ಎರಡನೇ ರಿಜಿಡ್ ಫೋರ್ಕ್‌ನ (ಮುಂದಿನ ಚಕ್ರ ಹಿಡಿಯುವ, ಶಾಕ್ ಇಲ್ಲದ ಕವಲಿನ) ರಿವ್ಯೂ. ಮೊದಲನೆಯದು ಅಟ್ಟದ ಮೇಲಿದೆ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಡಿಮೆಯಾಗಿದ್ದು ಪೇಂಟ್‌ನಿಂದ.

ನನ್ನದು ವಿ-ಬ್ರೇಕ್ (ರಿಮ್ ಹಿಡಿಯುವ ಬ್ರೇಕ್) ಇರುವ ಹಳೆ ಎಂಟಿಬಿ, ಅಂದರೆ ಮೌಂಟನ್ ಬೈಕ್. ಮುಂದೆ 80 ಎಂಎಂ ಕುಸಿಯುವ ಶಾಕ್ ಇರುವ ಫೋರ್ಕ್. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ನಾಲ್ಕು ಮಳೆಗಾಲ ಓಡಿದ ಮೇಲೆ ಶಾಕ್‌ನ ಕಾಲಿಗೆ ತುಕ್ಕು ಹಿಡಿದು, ಸೀಲ್ ಹರಿದು, ಒತ್ತಿದರೆ ಕೆಂಪು ನೀರು ಇಳಿಯುತ್ತಿತ್ತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಶಾಕೇ ಇಲ್ಲದ ಫೋರ್ಕ್ ಹಾಕಿದರೆ ಈ ಮಳೆಯಲ್ಲಿ ತಲೆನೋವೇ ಇಲ್ಲ ಅಲ್ವಾ ಅಂದುಕೊಂಡು, ಆನ್‌ಲೈನ್‌ನಲ್ಲಿ ‘26 ಇಂಚು’ ಅಂತ ಬರೆದಿದ್ದನ್ನು ನೋಡಿ ಸುಮ್ನೆ ಆರ್ಡರ್ ಮಾಡಿದೆ.

26 ಇಂಚು ಅನ್ನೋದು ಚಕ್ರದ ಲೆಕ್ಕ. ಫೋರ್ಕ್ ಎಷ್ಟು ಉದ್ದ ಅಂತ ಅದು ಹೇಳೋದೇ ಇಲ್ಲ. ನಮಗೆ ಬೇಕಾದ ಅಳತೆ ಆಕ್ಸಲ್‌ನ ನಡುವಿನಿಂದ ಶುರುವಾಗಿ, ಮೇಲೆ ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್‌ನ) ಕೆಳಗಿನ ಬಳೆ ಕೂರುವ ಜಾಗದವರೆಗೆ. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯವರ ಆರ್‌ಎಸ್-1 ಅನ್ನೋ ಶಾಕ್ ಫೋರ್ಕ್ ಬರುವ ಮುಂಚೆ ಹೆಚ್ಚುಕಡಿಮೆ ಎಲ್ಲ ಎಂಟಿಬಿಗಳಿಗೂ ರಿಜಿಡ್ ಫೋರ್ಕೇ ಇದ್ದಿದ್ದು, ಆ ಅಳತೆ 400 ಎಂಎಂ ಆಸುಪಾಸು. ಆಮೇಲೆ ಬಂದ ಫ್ರೇಮ್‌ಗಳನ್ನು ಶಾಕ್‌ನ ಉದ್ದ ನೋಡಿಕೊಂಡೇ ಮಾಡಿದರು. 80 ಎಂಎಂ ಶಾಕ್ ಆದರೆ ಸುಮಾರು 450, 100 ಎಂಎಂ ಆದರೆ 470ರ ಹತ್ತಿರ. ನನಗೆ ಬಂದ ಡಬ್ಬಿಯಲ್ಲಿ ಇದ್ದಿದ್ದು 400ರದ್ದು!

ಹಾಕಿಸಿಕೊಂಡು ಹೊರಟೆ. ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಟಾರು ರಸ್ತೆಯಲ್ಲಿ ಏನೂ ಅನ್ನಿಸಲಿಲ್ಲ, ಕೈಗೆ ಭಾರ ಜಾಸ್ತಿ ಬೀಳುತ್ತಿತ್ತು ಅಷ್ಟೆ. ಮಂಡಗದ್ದೆ ಆಚೆ ಮಣ್ಣುರಸ್ತೆಯ ಇಳಿಜಾರಿಗೆ ಇಳಿದಾಗ ಗೊತ್ತಾಯಿತು. ಹ್ಯಾಂಡಲ್ ಚೂರು ಮುಟ್ಟಿದರೆ ಸಾಕು, ಮುಂದಿನ ಚಕ್ರ ಪಕ್ಕಕ್ಕೆ ಓಡುತ್ತಿತ್ತು. ಮುಂಭಾಗ ತಗ್ಗಿದ್ದಕ್ಕೆ ಪೆಡಲ್ ಕೂಡ ತಗ್ಗಿತ್ತು, ಜಂಬಿಟ್ಟಿಗೆ ಕಲ್ಲೊಂದಕ್ಕೆ ಟಣ್ ಅಂತ ಬಡಿದು ನಾನು ಅಡಿಕೆ ತೋಟದ ಬೇಲಿಗೆ ಒರಗಿಕೊಂಡೆ. ಫೋರ್ಕ್ 20 ಎಂಎಂ ಗಿಡ್ಡ ಆದರೆ ಹ್ಯಾಂಡಲ್ ಕೂರುವ ಫ್ರೇಮ್‌ನ ಮುಂದಿನ ಕೊಳವೆ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಕೇಳಲು ಒಂದೇ ಡಿಗ್ರಿ, ಇಳಿಜಾರಿನಲ್ಲಿ ಚೆನ್ನಾಗೇ ಗೊತ್ತಾಗುತ್ತದೆ.

ಊರಿಗೆ ಬಂದು ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸೈಕಲ್ ಮುಟ್ಟಲೂ ಇಲ್ಲ. ‘ಕೂತು ಅಳೆದ್ರಾ ಮಾರಾಯ್ರೆ, ಇಳಿದು ಅಳೆದ್ರಾ?’ ಅಂದರು. ಅಳೆದೇ ಇಲ್ಲ ಅಂತ ಹೇಳೋಕೆ ನಾಚಿಕೆಯಾಯಿತು.

ಅವರು ಕೇಳಿದ್ದರಲ್ಲೇ ಎಲ್ಲ ಇದೆ. ಶಾಕ್ ಇರುವ ಸೈಕಲ್ ಮೇಲೆ ನಾವು ಕೂತ ಕೂಡಲೇ ಅದು ಒಂದಿಷ್ಟು ಕುಸಿಯುತ್ತದೆ, ಸಾಮಾನ್ಯವಾಗಿ ಟ್ರಾವೆಲ್‌ನ (ಶಾಕ್ ಪೂರ್ತಿ ಕುಸಿಯಬಲ್ಲ ಉದ್ದದ) ಕಾಲು ಭಾಗದಷ್ಟು. ನಾವು ಓಡಿಸೋದು ಆ ಕುಸಿದ ಎತ್ತರದಲ್ಲಿ. ರಿಜಿಡ್ ಫೋರ್ಕ್ ಕುಸಿಯಲ್ಲ, ಹಾಗಾಗಿ ಪೂರ್ತಿ ಉದ್ದಕ್ಕೆ ಸರಿಸಮ ತಗೊಂಡರೆ ಮುಂಭಾಗ ಎದ್ದು ನಿಂತು, ಏರು ಹತ್ತುವಾಗ ಚಕ್ರ ಆ ಕಡೆ ಈ ಕಡೆ ಅಲೆಯುತ್ತದೆ. ಹಳೆ ಶಾಕನ್ನೇ ಮತ್ತೆ ಹಾಕಿಸಿಕೊಂಡು ಮನೆಗೆ ಬಂದೆ. ಹೂ ಕಟ್ಟಲು ಇಟ್ಟಿದ್ದ ಬಾಳೆನಾರು ಒಂದೆಳೆ ತಗೊಂಡು ಶಾಕ್‌ನ ಕಾಲಿಗೆ, ಸೀಲ್‌ಗೆ ತಾಗುವ ಹಾಗೆ ಬಿಗಿಯಾಗಿ ಕಟ್ಟಿದೆ. ಗೋಡೆ ಹಿಡಿದು ಮೆಲ್ಲಗೆ ಸೈಕಲ್ ಹತ್ತಿ ಕೂತೆ, ಮೆಲ್ಲಗೆ ಇಳಿದೆ. ನಾರು 26 ಎಂಎಂ ಮೇಲೆ ಸರಿದಿತ್ತು. ಸ್ಪ್ರಿಂಗ್ ಮುದಿಯಾಗಿದ್ದರಿಂದ ಅಷ್ಟು ಕುಸಿದಿದೆ, 15ರಿಂದ 20 ಹಿಡಿಯೋಣ ಅಂದರು ಮೆಕ್ಯಾನಿಕ್. ಪೂರ್ತಿ ಉದ್ದ 452 ಇತ್ತು. ಕಳೆದರೆ 432ರಿಂದ 437. ಸಿಕ್ಕಿದ್ದು 440ರ ಕ್ರೋಮೋಲಿ ಸ್ಟೀಲ್ ಫೋರ್ಕ್, ಅದನ್ನೇ ತರಿಸಿದೆ. ಮೂರು ಎಂಎಂಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಟಯರ್ ಬದಲಿಸಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಉದ್ದ ಸರಿಯಿದ್ದೂ ಕೆಲವರು ಬೇರೆ ಕಡೆ ಸಿಕ್ಕಿಬೀಳುತ್ತಾರೆ. ಈಗಿನ ಫೋರ್ಕ್ ಎಷ್ಟೋ ಬರೀ ಡಿಸ್ಕ್ ಬ್ರೇಕ್‌ಗೆ ಮಾಡಿದವು, ವಿ-ಬ್ರೇಕ್ ಕೂರಿಸುವ ಗೂಟವೇ ಇರಲ್ಲ. ಫೋರ್ಕ್‌ನ ಮೇಲೆ ಫ್ರೇಮ್ ಒಳಗೆ ಹೋಗುವ ಕೊಳವೆ ನನ್ನದು 28.6 ಎಂಎಂ ದಪ್ಪ, ಥ್ರೆಡ್ ಇಲ್ಲದ್ದು. ತೀರ ಹಳೆ ಸೈಕಲ್‌ಗಳಲ್ಲಿ ಒಂದು ಇಂಚಿನದು, ಥ್ರೆಡ್ ಇರುವುದು ಇರಬಹುದು, ನೋಡಿಕೊಳ್ಳಿ. ಆ ಕೊಳವೆಯನ್ನು ಕತ್ತರಿಸುವಾಗ ಮೊದಲು ಉದ್ದವಾಗೇ ಬಿಡಿಸಿ, ಮೇಲೆ ಸ್ಪೇಸರ್ ಬಳೆ ಹಾಕಿ ಒಂದು ವಾರ ಓಡಿಸಿ, ಆಮೇಲೆ ಬೇಕಾದರೆ ಇನ್ನಷ್ಟು ಕತ್ತರಿಸಬಹುದು.

ಹೇಗಿದೆ ಅಂದರೆ, ಅದೇ ಇಳಿಜಾರಿನಲ್ಲಿ ಹ್ಯಾಂಡಲ್ ಈಗ ಹೇಳಿದ ಮಾತು ಕೇಳುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ನೋಡಿದೆ, ಹಳೆ ಶಾಕ್ 2.4 ಕೆಜಿ, ಇದು 1.1. ಏರಿನಲ್ಲಿ ಎದ್ದು ತುಳಿದರೆ ಮುಂದೆ ಪುಸ್‌ಪುಸ್ ಅಂತ ಕುಣಿಯೋದು ನಿಂತಿದೆ. ಗುಂಡಿ ರಸ್ತೆಯಲ್ಲಿ ಮಣಿಕಟ್ಟು ನೋಯುತ್ತದೆ, ಸುಳ್ಳು ಯಾಕೆ ಹೇಳಲಿ. ದಪ್ಪ ಟಯರ್ ಹಾಕಿ ಗಾಳಿ ಸ್ವಲ್ಪ ಇಳಿಸಿದ ಮೇಲೆ ತಡೆಯಬಹುದು ಅನ್ನಿಸಿತು.

ಇನ್ನು ಆ ಪೇಂಟ್. ಆಗುಂಬೆಗೆ ಒಂದು ಸಲ ಮಳೆಯಲ್ಲಿ ಹೋಗಿ ಬಂದಿದ್ದಕ್ಕೇ ಬ್ರೇಕ್ ಗೂಟದ ಸುತ್ತ ಚಕ್ಕೆ ಎದ್ದು ತುಕ್ಕು ಕಾಣಿಸಿಕೊಂಡಿತು. ಉಜ್ಜಿ, ಗೇಟಿಗೆ ತಂದು ಉಳಿದಿದ್ದ ಕರಿ ಪೇಂಟ್ ಬಳಿದಿದ್ದೇನೆ. ಕೊಳವೆಯ ಒಳಗೂ ಗ್ರೀಸ್ ಸವರಿದ್ದೇನೆ. ಅಟ್ಟದ ಮೇಲಿರುವ 400ರದ್ದು ಮೊದಲಿಂದಲೂ ರಿಜಿಡ್ ಫೋರ್ಕ್ ಇದ್ದ ಹಳೇ ಎಂಟಿಬಿಗೆ ಸರಿಹೋಗುತ್ತದೆ, ಯಾರಿಗಾದರೂ ಬೇಕಿದ್ದರೆ ಹೇಳಿ. ಅದಕ್ಕೂ ವಿ-ಬ್ರೇಕ್ ಗೂಟ ಇದೆ. ಆದರೆ ಅಳತೆ ನೋಡಿಕೊಂಡೇ ಕೇಳಿ.